ಗ್ರಂಥಪಾಲಕರು ಒಬ್ಬರಿಂದೊಬ್ಬರು ಕಲಿತ ಬಗೆ

ನಮ್ಮ ವಾಚನಾಲಯಕ್ಕೆ ಸಂಜೆ ಬರುವ ವಾಚಕರಲ್ಲಿ ಅನೇಕರು ಹಗಲೆಲ್ಲ ಕಚೇರಿಯಲ್ಲೋ ಕಾರ್ಖಾನೆಯಲ್ಲೋ ದುಡಿದು, ಉಳಿದ ಹೊತ್ತಿನಲ್ಲಿ ಯಾವುದಾದರೊಂದು ಪರೀಕ್ಷೆಗೆ ಓದುತ್ತಿರುವವರು. ಅವರು ಕೇಳುವ ಪುಸ್ತಕ ನಮ್ಮ ಕಪಾಟಿನಲ್ಲಿ ಇಲ್ಲದಿರುವುದೇ ಹೆಚ್ಚು. ಇದೇ ಊರಿನ ಯಾವುದೋ ಕಾಲೇಜಿನ ಗ್ರಂಥಭಂಡಾರದಲ್ಲಿ ಅದು ಇದ್ದೀತು. ಆದರೆ ಯಾವ ಕಾಲೇಜು? ಅಲ್ಲಿ ಅದನ್ನು ಯಾವ ಹೆಸರಿನ ಕೆಳಗೆ ಬರೆದಿಟ್ಟಿದ್ದಾರೆ? ಅಲ್ಲಿಂದ ತರಿಸಿಕೊಡುವವರು ಯಾರು? ಈ ಮೂರು ಪ್ರಶ್ನೆಗಳಿಗೂ ಉತ್ತರ ಒಂದೇ ಕಡೆ ಇದೆ. ಒಂದು ಗ್ರಂಥಭಂಡಾರದಲ್ಲಿ ಕುಳಿತ ಗ್ರಂಥಪಾಲಕನಿಗೆ ಇನ್ನೊಂದು ಗ್ರಂಥಭಂಡಾರದ ಗ್ರಂಥಪಾಲಕನ ಪರಿಚಯವಿರಬೇಕು, ಇಬ್ಬರ ಲೆಕ್ಕ ಬರೆಯುವ ಪದ್ಧತಿಯೂ ಒಂದಾಗಿರಬೇಕು. ಆದ್ದರಿಂದ ಈ ಸಂಚಿಕೆಯ ಅಭ್ಯಾಸ ಲೇಖನಕ್ಕೆ ನಾವು ಆರಿಸಿಕೊಂಡಿರುವ ವಿಷಯ, ನಮ್ಮ ದೇಶದ ಕಾಲೇಜು ಮತ್ತು ವಿಶ್ವವಿದ್ಯಾನಿಲಯಗಳ ಗ್ರಂಥಪಾಲಕರು ತಮ್ಮ ಕಸುಬನ್ನು ಒಬ್ಬರಿಂದೊಬ್ಬರು ಹೇಗೆ ಕಲಿತರು ಎಂಬುದು.

ಹಿಂದೆ ಗ್ರಂಥಪಾಲಕ ಎಂದರೆ ಬೀಗದ ಕೈ ಇಟ್ಟುಕೊಂಡ ಗುಮಾಸ್ತ ಎಂದೇ ಅರ್ಥ. ಪುಸ್ತಕ ಕಳೆದರೆ ಅವನ ಸಂಬಳದಿಂದ ಮುರಿದುಕೊಳ್ಳುತ್ತಿದ್ದ ಕಡೆಗಳೂ ಇದ್ದುವು. ಹಾಗಿರುವಾಗ ಅವನು ಪುಸ್ತಕವನ್ನು ಯಾರ ಕೈಗೂ ಕೊಡದಿರುವುದೇ ಜಾಣತನವೆಂದು ತಿಳಿದದ್ದು ಸಹಜವೇ. ಈ ಕೆಲಸಕ್ಕೂ ಒಂದು ವಿದ್ಯೆ ಬೇಕು ಎಂಬ ಮಾತು ನಮ್ಮಲ್ಲಿ ಮೊದಲು ಕೇಳಿಬಂದದ್ದು ಬಡೋದೆಯಲ್ಲಿ. ಮಹಾರಾಜ ಸಯಾಜಿರಾವ್ ಗಾಯಕವಾಡರು 1910ರಲ್ಲಿ ಅಮೆರಿಕೆಯಿಂದ ಬೋರ್ಡನ್ ಎಂಬವರನ್ನು ಕರೆಸಿ, ಮರುವರ್ಷ ಒಂದು ತರಗತಿಯನ್ನು ನಡೆಸಿದರು. 1915ರಲ್ಲಿ ಲಾಹೋರಿನ ಪಂಜಾಬ್ ವಿಶ್ವವಿದ್ಯಾನಿಲಯದಲ್ಲಿ ಡಿಕಿನ್‌ಸನ್ ಎಂಬ ಮತ್ತೊಬ್ಬ ಅಮೆರಿಕದವರು ಪಾಠ ಹೇಳಿದರು. ಅವರ ಬಳಿ ಕಲಿತ ಅಸಾದುಲ್ಲಾ ಎಂಬವರು ಮುಂದೆ ಕಲಕತ್ತೆಯ ಇಂಪೀರಿಯಲ್ ಲೈಬ್ರರಿಯ ಗ್ರಂಥಪಾಲಕರಾದರು. 1935ರಲ್ಲಿ ತಾವೇ ಅಲ್ಲಿ ತರಗತಿ ತೆರೆದರು. ಅದಕ್ಕೂ ಮುಂಚೆ, 1933ರಲ್ಲಿ, ಕಲಕತ್ತೆಯಲ್ಲಿ ಸಮ್ಮೇಳನ ಸೇರಿ ಭಾರತೀಯ ಗ್ರಂಥಾಲಯ ಸಂಘ ಹುಟ್ಟಿದಾಗ ಅದರ ಕಾರ್ಯದರ್ಶಿಯಾದವರೂ ಅವರೇ. ಕಲಿತವನು ಕಲಿಸುವುದು, ಕಲಿಸಿದವನು ಸಂಘ ಕಟ್ಟುವುದು, ಈ ಎರಡು ಹೆಜ್ಜೆಗಳು ಈ ಕಸುಬಿನ ಚರಿತ್ರೆಯಲ್ಲಿ ಮತ್ತೆಮತ್ತೆ ಕಾಣುತ್ತವೆ.

ಇವೆರಡನ್ನೂ ಎಲ್ಲರಿಗಿಂತ ದೊಡ್ಡದಾಗಿ ಮಾಡಿದವರು ಶಿಯಾಳಿ ರಾಮಾಮೃತ ರಂಗನಾಥನ್. 1892ರಲ್ಲಿ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ ಹುಟ್ಟಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತದ ಉಪಾಧ್ಯಾಯರಾಗಿದ್ದ ಇವರು 1924ರ ಜನವರಿಯಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಮೊದಲ ಗ್ರಂಥಪಾಲಕರಾದರು. ಆಗ ಅವರಿಗೆ ಪುಸ್ತಕ ಭಂಡಾರದ ಕೆಲಸದ ಗಂಧವೇ ಇರಲಿಲ್ಲ. ಕೆಲವೇ ದಿನಗಳಲ್ಲಿ ಬೇಸತ್ತು, ತಮ್ಮ ಹಳೆಯ ಕಾಲೇಜಿನ ಪ್ರಿನ್ಸಿಪಾಲರ ಬಳಿಗೆ ಹೋಗಿ, ತಮ್ಮನ್ನು ಮತ್ತೆ ಪಾಠದ ಕೆಲಸಕ್ಕೆ ತೆಗೆದುಕೊಳ್ಳಿರೆಂದು ಕೇಳಿಕೊಂಡರಂತೆ. ಮೊದಲು ಲಂಡನ್ನಿಗೆ ಹೋಗಿ ಈ ವಿದ್ಯೆ ಏನೆಂದು ನೋಡಿ ಬನ್ನಿ, ಆಮೇಲೂ ಮನಸ್ಸು ಹತ್ತದಿದ್ದರೆ ಹಿಂದಕ್ಕೆ ಬರಬಹುದು ಎಂದು ಉತ್ತರ ಬಂತು. ಇಂಥ ಕಡೆ ನಮ್ಮ ವಾಚಕರು ಸ್ವಲ್ಪ ನಿಲ್ಲಬೇಕು. ಇಷ್ಟವಿಲ್ಲದ ಕೆಲಸಕ್ಕೆ ಸಿಕ್ಕಿಕೊಂಡವರು ನಮ್ಮಲ್ಲಿಯೂ ಎಷ್ಟೋ ಮಂದಿ. ರಂಗನಾಥನ್ನರ ಬೇಸರ ಕಳೆದದ್ದು ಉಪದೇಶದಿಂದಲ್ಲ, ಅದೇ ಕೆಲಸವನ್ನು ಬೇರೆಯವರು ಹೇಗೆ ಮಾಡುತ್ತಿದ್ದಾರೆಂದು ಕಣ್ಣಾರೆ ಕಂಡದ್ದರಿಂದ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅವರಿಗೆ ಗುರುವಾಗಿ ದೊರೆತವರು ಬರ್ವಿಕ್ ಸೇಯರ್ಸ್. ಇವರು ಬರಿಯ ಪಾಠದವರಲ್ಲ, ಕ್ರಾಯ್ಡನ್ ಪಟ್ಟಣದ ಗ್ರಂಥಭಂಡಾರವನ್ನು ನಡೆಸುತ್ತಿದ್ದವರು. ತರಗತಿಯಲ್ಲಿ ಕೂಡುವುದಕ್ಕಿಂತ ಗ್ರಂಥಭಂಡಾರಗಳನ್ನು ಸುತ್ತಿ ನೋಡುವುದು ಮೇಲೆಂದು ಶಿಷ್ಯನಿಗೆ ದಾರಿ ತೋರಿದರು. ರಂಗನಾಥನ್ನರು ಇಂಗ್ಲೆಂಡಿನಲ್ಲಿ ನೂರಕ್ಕೂ ಹೆಚ್ಚು ಗ್ರಂಥಭಂಡಾರಗಳನ್ನು ನೋಡಿದರು. ಒಂದೊಂದು ಕಡೆ ಒಂದೊಂದು ಒಳ್ಳೆಯ ಪದ್ಧತಿ. ಆದರೆ ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲ. ಎಲ್ಲರೂ ಮಾಡುವ ಕೆಲಸ ಒಂದೇ, ಆದರೂ ಪ್ರತಿಯೊಬ್ಬರೂ ಅದನ್ನು ಹೊಸದಾಗಿ ಕಂಡುಹಿಡಿಯುತ್ತಿದ್ದಾರೆ. ಗಣಿತದವರಾದ ಅವರಿಗೆ ಇದರ ಹಿಂದೆ ಕೆಲವು ಮೂಲಸೂತ್ರಗಳಿರಬೇಕು ಎನಿಸಿತು. ಸೆಲ್‌ಫ್ರಿಜ್ ಎಂಬ ದೊಡ್ಡ ಅಂಗಡಿಯಲ್ಲಿ ಕಬ್ಬಿಣದ ಪಟ್ಟಿ, ತಿರುಪು, ಚಕ್ರಗಳನ್ನು ಜೋಡಿಸಿ ಬೇರೆಬೇರೆ ಆಟಿಕೆ ಮಾಡಿ ತೋರಿಸುತ್ತಿದ್ದುದನ್ನು ನೋಡಿ, ಪುಸ್ತಕದ ವಿಷಯವನ್ನೂ ಹೀಗೆಯೇ ಬಿಡಿಭಾಗಗಳಿಂದ ಜೋಡಿಸಬಹುದೆಂದು ಹೊಳೆದ ಕಥೆ ಪ್ರಸಿದ್ಧವಾಗಿದೆ. ಅವರ ದ್ವಿಬಿಂದು ವರ್ಗೀಕರಣ ಪದ್ಧತಿ ಹುಟ್ಟಿದ್ದು ಅಲ್ಲಿಂದ. ಪುಸ್ತಕರೂಪದಲ್ಲಿ ಅದು ಅಚ್ಚಾದದ್ದು 1933ರಲ್ಲಿ.

1925ರಲ್ಲಿ ಮದರಾಸಿಗೆ ಮರಳಿದ ಮೇಲೆ ಅವರು ಹಿಂದಿನ ಕೆಲಸದ ಮಾತೆತ್ತಲಿಲ್ಲ. 1928ರಲ್ಲಿ ಮದರಾಸು ಗ್ರಂಥಾಲಯ ಸಂಘವನ್ನು ಕಟ್ಟಿದರು. 1929ರಲ್ಲಿ ಸಂಘದ ವತಿಯಿಂದಲೇ ಬೇಸಗೆ ಶಾಲೆಯೊಂದನ್ನು ತೆರೆದರು. ಬೇಸಗೆಯಲ್ಲಿ ಏಕೆಂದರೆ, ಆಗ ಕಾಲೇಜುಗಳಿಗೆ ರಜೆ. ಕೆಲಸದಲ್ಲಿರುವವನು ಕೆಲಸ ಬಿಡದೆ ಕಲಿಯಲು ಬೇರೆ ಸಮಯವಿಲ್ಲ. ಎರಡು ವರ್ಷದ ಮೇಲೆ ವಿಶ್ವವಿದ್ಯಾನಿಲಯವೇ ಈ ಶಾಲೆಯನ್ನು ವಹಿಸಿಕೊಂಡಿತು. 1931ರಲ್ಲಿ ಸಂಘವೇ ಅವರ ಪಂಚಸೂತ್ರಗಳ ಗ್ರಂಥವನ್ನು ಪ್ರಕಟಿಸಿತು. ಆ ಸೂತ್ರಗಳನ್ನು ಇಲ್ಲಿ ಬಾಯಿಪಾಠ ಒಪ್ಪಿಸುವುದು ಬೇಡ. ಪುಸ್ತಕ ಇರುವುದು ಬಳಸುವುದಕ್ಕೆ, ಬಂದವನ ಹೊತ್ತು ವ್ಯರ್ಥವಾಗಬಾರದು ಎಂಬ ಎರಡು ಮಾತು ಹಿಡಿದರೂ ನಮ್ಮ ಪ್ರಯೋಜನಕ್ಕೆ ಸಾಕು. ನಾವು ಗಮನಿಸಬೇಕಾದದ್ದು, ಒಬ್ಬ ವಿಶ್ವವಿದ್ಯಾನಿಲಯದ ಗ್ರಂಥಪಾಲಕ ತನ್ನ ಕಟ್ಟಡದೊಳಗೇ ಉಳಿಯದೆ, ತನ್ನಂಥವರನ್ನೆಲ್ಲ ಕೂಡಿಸಿ ಸಂಘ, ಶಾಲೆ, ಪುಸ್ತಕ ಮೂರನ್ನೂ ಏಳು ವರ್ಷದೊಳಗೆ ನಿಲ್ಲಿಸಿದನೆಂಬುದು. ಬನಾರಸ್, ಮುಂಬಯಿ, ಕಲಕತ್ತೆ, ದೆಹಲಿಗಳಲ್ಲಿ ಇಂಥ ತರಗತಿಗಳು ಬಂದದ್ದು 1940ರ ದಶಕದಲ್ಲಿ.

ದೆಹಲಿಯ ಕಾಲಕ್ಕೆ ಬರೋಣ. 1947ರಿಂದ ರಂಗನಾಥನ್ನರು ದೆಹಲಿ ವಿಶ್ವವಿದ್ಯಾನಿಲಯದಲ್ಲಿದ್ದರು. 1951ರಲ್ಲಿ ಅಲ್ಲಿ ಗ್ರಂಥಾಲಯ ಸಂಶೋಧನ ಕೂಟವೊಂದು ಆರಂಭವಾಯಿತು. ಭಾನುವಾರ ಅವರ ಮನೆಯಲ್ಲೇ ಸೇರುವುದು. ಆ ಊರಿನ ಗ್ರಂಥಭಂಡಾರಗಳಲ್ಲಿ ಕೆಲಸ ಮಾಡುವವರು ತಂತಮ್ಮ ತೊಡಕುಗಳನ್ನು ತಂದು ಮುಂದಿಡುವುದು. ಎಲ್ಲರೂ ಕೂಡಿ ಬಿಡಿಸುವುದು. ಇದಕ್ಕೆ ಸರ್ಟಿಫಿಕೇಟಿಲ್ಲ, ಭತ್ಯವಿಲ್ಲ. ರಜಾದಿನವನ್ನು ಕೆಲಸದ ಚರ್ಚೆಗೆ ಕೊಡುವುದೆಂದರೆ ಏನೆಂದು ವಾರಕ್ಕೊಂದೇ ರಜೆ ಇರುವ ನಮ್ಮ ವಾಚಕರಿಗೆ ಹೇಳಬೇಕಾಗಿಲ್ಲ.

ಇದೇ ಹೊತ್ತಿನಲ್ಲಿ ಲಂಡನ್ನಿನಲ್ಲಿ ಒಂದು ವಿಚಿತ್ರ ನಡೆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತಕ್ಕೆ ಬಂದಿದ್ದ ಪಾಮರ್ ಎಂಬ ಆಂಗ್ಲ ಗ್ರಂಥಪಾಲಕರು ಇಲ್ಲಿ ರಂಗನಾಥನ್ನರನ್ನು ಕಂಡು, ಅವರ ವಿಚಾರಗಳನ್ನು ತಮ್ಮ ದೇಶಕ್ಕೆ ಒಯ್ದಿದ್ದರು. ಅವರ ಸ್ನೇಹಿತ ವೆಲ್ಸ್ 1950ರಲ್ಲಿ ಆರಂಭವಾದ ಬ್ರಿಟಿಷ್ ರಾಷ್ಟ್ರೀಯ ಗ್ರಂಥಸೂಚಿಯ ಸಂಪಾದಕರಾದರು. ಆ ದೇಶದಲ್ಲಿ ಅಚ್ಚಾದ ಹೊಸ ಪುಸ್ತಕಗಳ ಪಟ್ಟಿಗೆ ವಿಷಯಸೂಚಿ ಮಾಡಲು ಅವರು ಹಿಡಿದದ್ದು ಮದರಾಸಿನ ಗ್ರಂಥಪಾಲಕರು ರೂಪಿಸಿದ ಸರಪಳಿ ಕ್ರಮವನ್ನು. ಸುಮಾರು ಇಪ್ಪತ್ತು ವರ್ಷ ಆ ಪಟ್ಟಿ ಈ ಕ್ರಮದಲ್ಲೇ ಹೊರಬಂತು. 1952ರಲ್ಲಿ ಲಂಡನ್ನಿನಲ್ಲಿಯೂ ಗ್ರಂಥಪಾಲಕರ ವರ್ಗೀಕರಣ ಸಂಶೋಧನ ಕೂಟವೊಂದು ಸೇರಲಾರಂಭಿಸಿತು.

ಸರಪಳಿ ಕ್ರಮವೆಂದರೇನು? ಉದಾಹರಣೆಗೆ, ಹತ್ತಿ ಗಿಡದ ರೋಗಗಳ ಮೇಲೆ ಒಂದು ಪುಸ್ತಕವಿದೆ ಎನ್ನಿ. ವಿಷಯವನ್ನು ಬಿಡಿಸಿದರೆ ವ್ಯವಸಾಯ, ಅದರೊಳಗೆ ಹತ್ತಿ, ಅದರೊಳಗೆ ರೋಗ, ಹೀಗೆ ಮೂರು ಕೊಂಡಿಗಳ ಸರಪಳಿಯಾಗುತ್ತದೆ. ಸೂಚಿಯನ್ನು ಸರಪಳಿಯ ಕೊನೆಯಿಂದ ಬರೆಯುತ್ತ ಬರಬೇಕು. ‘ರೋಗ, ಹತ್ತಿ, ವ್ಯವಸಾಯ’ ಎಂದು ಒಂದು. ‘ಹತ್ತಿ, ವ್ಯವಸಾಯ’ ಎಂದು ಒಂದು. ‘ವ್ಯವಸಾಯ’ ಎಂದು ಒಂದು. ಓದುಗನು ‘ರೋಗ’ ಎಂದು ಹುಡುಕಿದರೂ ಸಿಕ್ಕಿತು, ‘ಹತ್ತಿ’ ಎಂದು ಹುಡುಕಿದರೂ ದಾರಿ ಸಿಕ್ಕಿತು. ಬರೆಯುವವನು ತನ್ನ ಮನಸ್ಸಿಗೆ ಬಂದ ಹೆಸರುಗಳನ್ನು ಊಹಿಸಿ ಬರೆಯುವ ಹಾಗಿಲ್ಲ, ಸರಪಳಿಯೇ ಹೇಳುತ್ತದೆ. ಹೀಗಾಗಿ ಮದರಾಸಿನಲ್ಲಿ ಬರೆದ ಸೂಚಿ, ಲಂಡನ್ನಿನಲ್ಲಿ ಬರೆದ ಸೂಚಿ ಎರಡೂ ಒಂದೇ ಅಚ್ಚಿನಲ್ಲಿ ಬಂದುವು. ಇಬ್ಬರು ಗ್ರಂಥಪಾಲಕರು ಸಹಕರಿಸಬೇಕಾದರೆ ಮೊದಲು ಬೇಕಾದದ್ದು ಇಂಥ ಒಂದು ಒಡಂಬಡಿಕೆಯೇ.

ಒಡಂಬಡಿಕೆ ಇಲ್ಲದೆ ಹೋದರೆ ಏನಾಗುತ್ತದೆಂದು ತಿಳಿಯಲು ಕನ್ನಡ ಪುಸ್ತಕಗಳ ಗತಿಯನ್ನೇ ನೋಡಬೇಕು. ಹೊರನಾಡಿನ ಕನ್ನಡಿಗರಿಗೆ ಇದು ದೂರದ ಮಾತಲ್ಲ. ಮುಂಬಯಿ, ಮದರಾಸು, ಉಸ್ಮಾನಿಯಾ ವಿಶ್ವವಿದ್ಯಾನಿಲಯಗಳಲ್ಲಿ ಕನ್ನಡ ಕಲಿಸುವ ಏರ್ಪಾಡು ಉಂಟು; ಅಲ್ಲಿಯ ಗ್ರಂಥಭಂಡಾರಗಳಿಗೆ ಕನ್ನಡ ಪುಸ್ತಕಗಳು ಬರುತ್ತವೆ. ಅವನ್ನು ಸೂಚಿಗೆ ಏರಿಸುವವನಿಗೆ ಕನ್ನಡ ಬರುವುದೆಂಬ ಭರವಸೆ ಇಲ್ಲ. ಲೇಖಕನ ಹೆಸರಿನಲ್ಲಿ ಯಾವ ಭಾಗವನ್ನು ಮೊದಲಿಗೆ ಬರೆಯಬೇಕು ಎಂಬುದೇ ಅವನ ಮೊದಲ ತೊಡಕು.

ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬಲ್ಲಿ ಬೇಂದ್ರೆ ಎಂಬುದು ಮನೆತನದ ಹೆಸರು. ಮರಾಠಿಯವರ ಪದ್ಧತಿ ತಿಳಿದ ಪುಣೆಯ ಗ್ರಂಥಪಾಲಕ ಇದನ್ನು ಸರಿಯಾಗಿಯೇ ಬರೆಯುತ್ತಾನೆ. ಅದೇ ಕೈ ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರಿಗೆ ಬಂದಾಗ, ಕೊನೆಯಲ್ಲಿರುವುದು ಮನೆತನವೆಂದೇ ಎಣಿಸಿ ‘ಗುಂಡಪ್ಪ’ ಎಂದು ಬರೆಯುತ್ತದೆ. ಹೆಸರು ಸರಿಯಾಯಿತು, ಆದರೆ ಕಾರಣ ತಪ್ಪು. ಗುಂಡಪ್ಪ ಎಂಬುದು ಅವರದೇ ಹೆಸರು, ವೆಂಕಟರಮಣಯ್ಯ ತಂದೆಯ ಹೆಸರು, ದೇವನಹಳ್ಳಿ ಊರು. ಕಾರಣ ತಪ್ಪಾದುದರ ಫಲ ಮುಂದಿನ ಪುಸ್ತಕದಲ್ಲಿ ಕಾಣುತ್ತದೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಎಂಬಲ್ಲಿ ಕೊನೆಯದನ್ನೇ ಹಿಡಿದರೆ ಕನ್ನಡ, ತಮಿಳುಗಳ ಅಯ್ಯಂಗಾರರೆಲ್ಲ ಒಂದೇ ಡ್ರಾಯರಿನಲ್ಲಿ ಸೇರಿ, ಮಾಸ್ತಿಯವರು ಯಾರಿಗೂ ಸಿಕ್ಕುವುದಿಲ್ಲ. ಕೋಟ ಶಿವರಾಮ ಕಾರಂತರಲ್ಲಿ ಊರಿನ ಹೆಸರು ಮೊದಲು, ಮನೆತನ ಕೊನೆಗೆ. ಇದು ದಕ್ಷಿಣ ಕನ್ನಡದ ಪದ್ಧತಿ. ವಿನಾಯಕ ಕೃಷ್ಣ ಗೋಕಾಕರಲ್ಲಿ ಕೊನೆಗಿರುವುದು ಊರಿನ ಹೆಸರೇ, ಆದರೆ ಮನೆತನದ ಹೆಸರಾಗಿ ನಿಂತಿದೆ! ಒಂದೇ ಭಾಷೆ, ಮೂರು ನಾಲ್ಕು ಪದ್ಧತಿ.

ಇದರ ಮೇಲೆ ಕಾವ್ಯನಾಮಗಳು ಬೇರೆ. ಕುವೆಂಪು ಮತ್ತು ಕೆ.ವಿ. ಪುಟ್ಟಪ್ಪ ಒಬ್ಬರೇ, ಅಂಬಿಕಾತನಯದತ್ತ ಮತ್ತು ಬೇಂದ್ರೆ ಒಬ್ಬರೇ, ಶ್ರೀನಿವಾಸ ಎಂದರೆ ಮಾಸ್ತಿ, ತ್ರಿವೇಣಿ ಎಂದರೆ ಅನಸೂಯಾ ಶಂಕರ್ ಎಂದು ನಮ್ಮ ಹುಡುಗರಿಗೂ ಗೊತ್ತು. ಕನ್ನಡವರಿಯದ ಗ್ರಂಥಪಾಲಕನಿಗೆ ಅದು ಗೊತ್ತಾಗುವುದು ಹೇಗೆ? ಒಬ್ಬನೇ ಲೇಖಕ ಎರಡು ಕಡೆ ಹಂಚಿಹೋಗುತ್ತಾನೆ. ಈಗ ಸೂಚಿಗಳೆಲ್ಲ ಕಂಪ್ಯೂಟರಿಗೆ ಏರಿವೆ, ತೊಡಕು ಕಡಮೆಯಾಗಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ‘ಕಾರಂತ’ ಎಂದು ಬರೆಯುವಾಗ ಒಬ್ಬರು ಕೊನೆಗೆ ‘ಹೆಚ್’ ಸೇರಿಸುತ್ತಾರೆ, ಒಬ್ಬರು ಸೇರಿಸುವುದಿಲ್ಲ. ಯಂತ್ರಕ್ಕೆ ಅವರು ಇಬ್ಬರು ಕಾರಂತರು.

ಭಾರತೀಯರ ಹೆಸರಿನ ಈ ಸಮಸ್ಯೆ ದೊಡ್ಡ ಸಭೆಗಳಿಗೂ ಹೋಗಿದೆ. 1961ರಲ್ಲಿ ಪ್ಯಾರಿಸಿನಲ್ಲಿ ಹಲವು ದೇಶಗಳ ಗ್ರಂಥಪಾಲಕರು ಸೂಚಿಯ ನಿಯಮಗಳನ್ನು ಗೊತ್ತುಮಾಡಲು ಸೇರಿದಾಗ, ಬಿನಯೇಂದ್ರ ಸೇನ್‌ಗುಪ್ತರು ಭಾರತೀಯ ಹೆಸರುಗಳ ಬಗ್ಗೆ ಪ್ರಬಂಧ ಮಂಡಿಸಿದರು. ಒಂದು ಹೆಸರನ್ನು ಯಾವ ಕ್ರಮದಲ್ಲಿ ಬರೆಯಬೇಕೆಂಬುದನ್ನು ಆ ಹೆಸರಿನವರ ನಾಡಿನ ರೂಢಿಯೇ ತೀರ್ಮಾನಿಸಬೇಕು ಎಂಬುದು ಅಲ್ಲಿ ಒಪ್ಪಿದ ತತ್ತ್ವ. ತತ್ತ್ವ ಸರಿ. ಆದರೆ ಕನ್ನಡಿಗರ ರೂಢಿ ಏನೆಂದು ದೆಹಲಿಯವನಿಗೆ ಹೇಳಬೇಕಾದವನು ಮೈಸೂರಿನವನೋ ಧಾರವಾಡದವನೋ ಆದ ಗ್ರಂಥಪಾಲಕನೇ. ಇದನ್ನು ಯಾವ ಡಿಪ್ಲೊಮಾದಲ್ಲೂ ಪೂರ್ತಿಯಾಗಿ ಕಲಿಸುವುದಕ್ಕಾಗದು. ಒಂದು ಕಾಗದ ಬರೆದು, ಈಗಿನ ಕಾಲಕ್ಕೆ ಒಂದು ಫೋನು ಮಾಡಿ ಕೇಳಿಕೊಳ್ಳುವಷ್ಟು ಸ್ನೇಹವಿದ್ದರೆ ಮಾತ್ರ ಆಗುವ ಕೆಲಸ. ಸಮ್ಮೇಳನಗಳಲ್ಲಿ ಭಾಷಣಕ್ಕಿಂತ ಊಟದ ಪಂಕ್ತಿಯಲ್ಲೇ ಹೆಚ್ಚು ಲಾಭ ಎಂದು ನಾವು ನಂಬಿರುವುದು ಇದಕ್ಕಾಗಿಯೇ.

ರಂಗನಾಥನ್ನರ ಕೊನೆಯ ಹದಿನೈದು ವರ್ಷ ಬೆಂಗಳೂರಿಗೆ ಸೇರಿದುವು. 1957ರಲ್ಲಿ ಅವರು ಅಲ್ಲಿ ನೆಲಸಿದರು. 1961ರಲ್ಲಿ ಅವರ ಪತ್ನಿಯ ಹೆಸರಿನಲ್ಲಿ ಶಾರದಾ ರಂಗನಾಥನ್ ದತ್ತಿ ಸ್ಥಾಪನೆಯಾಯಿತು. 1962ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ ಪ್ರಲೇಖನ ಸಂಶೋಧನ ಮತ್ತು ಶಿಕ್ಷಣ ಕೇಂದ್ರ ಬೆಂಗಳೂರಿನಲ್ಲಿ ತೆರೆಯಿತು. ಕಾರ್ಖಾನೆ, ಪ್ರಯೋಗಶಾಲೆಗಳ ಗ್ರಂಥಭಂಡಾರಗಳಿಗೆ ಬೇಕಾದ ತರಬೇತಿ ಅಲ್ಲಿಯ ಮುಖ್ಯ ಕೆಲಸ. ಅದರ ಜೊತೆಗೆ ವಿಚಾರಗೋಷ್ಠಿಗಳು. ಇಡೀ ದೇಶದ ಕಾಲೇಜು, ವಿಶ್ವವಿದ್ಯಾನಿಲಯ, ಕಾರ್ಖಾನೆಗಳ ಗ್ರಂಥಪಾಲಕರು ಅಲ್ಲಿಗೆ ಬಂದು ಕಲಿತರು. ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಅಂದಿನ ಮೈಸೂರು ರಾಜ್ಯಕ್ಕೆ ಬಂದದ್ದು 1965ರಲ್ಲಿ. ಅದೇ ವರ್ಷ ಅವರು ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕರಾದರು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿಯೇ ತೀರಿಕೊಂಡರು. ಅವರ ನೆನಪಿಗೆ ಆಗಸ್ಟ್ 12ನ್ನು ಗ್ರಂಥಪಾಲಕರ ದಿನವೆಂದು ಆಚರಿಸುತ್ತಾರೆ.

ಸಂಬಳದ ಮಾತನ್ನೂ ಆಡಿಬಿಡಬೇಕು. ಗುಮಾಸ್ತರಿಗೆ ಇದು ಬೇಗ ಅರ್ಥವಾಗುತ್ತದೆ. 1957ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ರಂಗನಾಥನ್ನರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಕಾಲೇಜು, ವಿಶ್ವವಿದ್ಯಾನಿಲಯಗಳ ಗ್ರಂಥಪಾಲಕರಿಗೆ ಅಧ್ಯಾಪಕರ ಸಮಾನವಾದ ಸ್ಥಾನ, ವೇತನ ಸಿಗಬೇಕೆಂದು ಆ ಸಮಿತಿ ಹೇಳಿತು. ಇದು ಬರಿಯ ಮರ್ಯಾದೆಯ ಪ್ರಶ್ನೆಯಲ್ಲ. ಆಡಳಿತದವರ ಕಣ್ಣಿಗೆ ಗ್ರಂಥಪಾಲಕ ಬೀಗದ ಗುಮಾಸ್ತನಾಗಿಯೇ ಉಳಿದರೆ, ಬೇರೆ ಊರಿನ ಗೋಷ್ಠಿಗೆ ಹೋಗಲು ಅವನಿಗೆ ರಜೆ ಕೊಡುವವರಿಲ್ಲ, ರೈಲಿನ ಖರ್ಚು ಕೊಡುವವರಿಲ್ಲ. ಅವನು ಕಲಿಯುವುದು ಅಲ್ಲಿಗೆ ನಿಂತಿತು. 1980ರ ದಶಕದ ಕೊನೆಯಿಂದ ಆಯೋಗದ ವತಿಯಿಂದ ಪುನಶ್ಚೇತನ ಶಿಬಿರಗಳು ನಡೆಯುತ್ತ ಬಂದಿವೆ. ಬಡ್ತಿಗೆ ಅವು ಬೇಕು. ಒಳ್ಳೆಯದೇ. ಆದರೆ ಬಡ್ತಿಗಾಗಿ ಹಾಜರಿ ಹಾಕಿಸಿಕೊಂಡು ಬರುವುದಕ್ಕೂ ದೆಹಲಿಯ ಭಾನುವಾರದ ಕೂಟಕ್ಕೂ ಇರುವ ಅಂತರ ಬಹಳ. ಶಿಬಿರದಿಂದ ಬಂದವನು ಆರು ತಿಂಗಳಾದ ಮೇಲೂ ಅಲ್ಲಿ ಕಂಡವರಲ್ಲಿ ಒಬ್ಬರಿಗಾದರೂ ಕಾಗದ ಬರೆಯುತ್ತಿದ್ದರೆ ಅದು ಸಾರ್ಥಕವೆಂದು ನಾವು ಹೇಳುತ್ತೇವೆ.

ಇನ್ನು ನಮ್ಮ ವಾಚಕರ ಉಪಯೋಗದ ಮಾತು. ಗ್ರಂಥಭಂಡಾರಗಳ ಜಾಲಗಳು ಈಗ ಹಲವು ಇವೆ. 1988ರಲ್ಲಿ ದೆಹಲಿಯ ಗ್ರಂಥಭಂಡಾರಗಳನ್ನು ಕೂಡಿಸಿ ಆರಂಭವಾದ ಡೆಲ್‌ನೆಟ್ ಇಂದು ದೇಶದ ಅನೇಕ ಕಾಲೇಜುಗಳನ್ನು ಸೇರಿಸಿಕೊಂಡಿದೆ. 1991ರಲ್ಲಿ ಧನಸಹಾಯ ಆಯೋಗ ಆರಂಭಿಸಿದ ಇನ್‌ಫ್ಲಿಬ್‌ನೆಟ್ 1996ರಲ್ಲಿ ಸ್ವತಂತ್ರ ಕೇಂದ್ರವಾಯಿತು. ಈಗ ಅದು ಗುಜರಾತಿನ ಗಾಂಧಿನಗರದಲ್ಲಿದೆ. ಯಾವ ವಿಶ್ವವಿದ್ಯಾನಿಲಯದಲ್ಲಿ ಯಾವ ಪುಸ್ತಕವಿದೆ ಎಂಬುದನ್ನು ಒಂದೇ ಕಡೆ ತೋರಿಸುವ ಸಂಯುಕ್ತ ಸೂಚಿಯನ್ನು ಅದು ನಡೆಸುತ್ತಿದೆ. ಇವೆಲ್ಲ ಯಂತ್ರದ ಕೆಲಸವೆಂದು ಯಾರೂ ತಿಳಿಯಬಾರದು. ಒಂದೊಂದು ನಮೂದನ್ನೂ ಎಲ್ಲಿಯೋ ಒಬ್ಬ ಗ್ರಂಥಪಾಲಕ ಕುಳಿತು ಬರೆದಿದ್ದಾನೆ.

ಸಂಜೆ ಕಾಲೇಜಿನಲ್ಲಿ ಓದುತ್ತಿರುವವರು ಬೇಕಾದ ಪುಸ್ತಕ ತಮ್ಮಲ್ಲಿ ಇಲ್ಲವೆಂಬ ಉತ್ತರ ಕೇಳಿ ಹಿಂದಿರುಗಬೇಡಿ. ‘ಅಂತರ ಗ್ರಂಥಾಲಯ ಎರವಲು ಉಂಟೇ’ ಎಂದು ಕೇಳಿ. ಕಾಲೇಜು ಇಂಥ ಜಾಲಕ್ಕೆ ಸೇರಿದ್ದರೆ ನಿಮ್ಮ ಗ್ರಂಥಪಾಲಕರು ಇನ್ನೊಂದು ಕಡೆಗೆ ಬರೆದು ತರಿಸಬಲ್ಲರು. ಪುಸ್ತಕದ ಹೊಣೆ ಕಾಲೇಜಿನದು, ನಿಮ್ಮದು ಕಾಲೇಜಿಗೆ. ಕಾಲೇಜಿಗೆ ಸೇರದವರು ಶೋಧಗಂಗಾ ಎಂಬಲ್ಲಿ ವಿಶ್ವವಿದ್ಯಾನಿಲಯಗಳ ಪಿಎಚ್.ಡಿ. ಪ್ರಬಂಧಗಳನ್ನು ಮೊಬೈಲಿನಲ್ಲಿಯೇ ಹಣವಿಲ್ಲದೆ ಓದಬಹುದು. ಕನ್ನಡದಲ್ಲಿ ಬರೆದ ಪ್ರಬಂಧಗಳೂ ಅಲ್ಲಿವೆ.

ಕೊನೆಯದಾಗಿ ಒಂದು ಕೆಲಸವನ್ನು ವಾಚಕರ ಮುಂದಿಡುತ್ತೇವೆ. ಈ ಊರಿನ ಕಾಲೇಜುಗಳಲ್ಲಿ ಕನ್ನಡ ಪುಸ್ತಕಗಳ ಒಂದೊಂದು ಬೀರು ಇರುವ ಕಡೆ, ಅಲ್ಲಿಯ ಗ್ರಂಥಪಾಲಕರಿಗೆ ಮುಖಪುಟ ಓದಿ ಹೇಳುವವರು ಬೇಕಾಗಿರಬಹುದು. ಬಿಡುವಿರುವ ಸದಸ್ಯರು ತಮಗೆ ಗೊತ್ತಿರುವ ಕಾಲೇಜುಗಳಲ್ಲಿ ವಿಚಾರಿಸಿ ಬನ್ನಿ. ಪ್ರತಿ ಪುಸ್ತಕಕ್ಕೂ ಒಂದು ಚೀಟಿ. ಅದರಲ್ಲಿ ಪುಸ್ತಕದ ಹೆಸರು, ಮುಖಪುಟದಲ್ಲಿ ಅಚ್ಚಾಗಿರುವ ಹಾಗೆಯೇ ಲೇಖಕರ ಹೆಸರು, ಕಾವ್ಯನಾಮವಾದರೆ ನಿಜನಾಮ, ಹೆಸರಿನಲ್ಲಿ ಊರು ಯಾವುದು, ತಂದೆಯ ಹೆಸರು ಯಾವುದು, ಮನೆತನ ಯಾವುದು, ಅಚ್ಚಾದ ವರ್ಷ, ಪ್ರಕಾಶಕರು, ಇಷ್ಟನ್ನು ಬಿಡಿಬಿಡಿಯಾಗಿ ಬರೆಯಿರಿ. ಸಂದೇಹವಿದ್ದ ಕಡೆ ಪ್ರಶ್ನಾರ್ಥಕ ಹಾಕಿ ಬಿಡಿ. ಖಾಲಿ ಚೀಟಿಗಳು ವಾಚನಾಲಯದ ಮೇಜಿನ ಮೇಲಿವೆ.